ಉಳಿಸಿದ ಪೆಟ್ರೋಲಿನ ಕಥೆ

ನಮ್ಮ ತಂದೆಯವರ ಹಳೇ ಯೆಜ್ಡಿ ಮೋಟಾರ್ ಸೈಕಲ್ಲಿಗೆ ಕುವೆಂಪುನಗರದ ನಮ್ಮ ಮನೆಯ ಗೇಟಿನೊಳಗೆ, ತುಳಸಿಕಟ್ಟೆ ಪಕ್ಕದಲ್ಲಿ ಖಾಯಂ ಜಾಗ. ತಂದೆ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆಗ ನಾನು ಎಸ್ಸೆಸ್ಸೆಲ್ಸಿ. ಕೆಲಸ ಹೋಯಿತು, ಗಾಡಿ ಉಳಿಯಿತು. ಈಗ ಅದನ್ನು ಓಡಿಸುವವನು ನನ್ನ ಮಗ.

ಸಂಸಾರ ತೂಗಿಸುವವರ ಕಣ್ಣಿಗೆ ಮೊದಲು ಬೀಳುವುದು ಖರ್ಚು ತಾನೆ? ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿ ಕೂತಿದೆ. ಹೋದ ಬೇಸಿಗೆಯಲ್ಲಿ ಗಾಡಿಯನ್ನು ಸರ್ವಿಸಿಗೆ ಬಿಟ್ಟಾಗ ನಾನೇ ಮೆಕ್ಯಾನಿಕ್ ಹತ್ತಿರ, "ಸ್ವಲ್ಪ ಮೈಲೇಜ್ ಬರೋ ಹಾಗೆ ಮಾಡಿಕೊಡಪ್ಪ" ಅಂದೆ. ಅವನು ಮಾಡಿಕೊಟ್ಟ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ತಿಂಗಳು ಲೆಕ್ಕದ ಪುಸ್ತಕದಲ್ಲಿ ಪೆಟ್ರೋಲಿನ ಬಾಬ್ತು ಇಳಿದದ್ದು ನೋಡಿ ಒಳಗೊಳಗೇ ಹಿಗ್ಗಿದೆ.

ಕೆಲವು ದಿನ ಬಿಟ್ಟು ಮಗ, "ಅಮ್ಮಾ, ಗಾಡಿ ಯಾಕೋ ತುಂಬಾ ಕಾಯುತ್ತೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಗುಯ್ ಅನ್ನೋದು ಬೇಗ ಇಳಿಯಲ್ಲ" ಅಂದ. "ಬಿಸಿಲು ಕಣೋ" ಅಂದು ಸುಮ್ಮನಾದೆ. ಮುಂದಿನ ಭಾನುವಾರ ಚಾಮುಂಡಿ ಬೆಟ್ಟ ಹತ್ತುವಾಗ ಇಂಜಿನ್ ಹಿಡಿದುಕೊಂಡಿತು. ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತು ಹುಡುಗ ರಸ್ತೆ ಮೇಲೆ ಬಿದ್ದ. ಹಿಂದೆ ಬಸ್ಸು ಬರುತ್ತಿರಲಿಲ್ಲ, ತಾಯಿ ಕಾಪಾಡಿದಳು. ಅಂಗೈ, ಮಂಡಿ ತರಚಿಕೊಂಡು ಮನೆಗೆ ಬಂದವನಿಗೆ ಗಾಯ ತೊಳೆಯುತ್ತ ನನ್ನ ಕೈ ನಡುಗಿತು. ಅಲ್ಲೇ ಎಲ್ಲರೆದುರು ತಪ್ಪೊಪ್ಪಿಕೊಂಡೆ.

ತಂದೆ ಬೈಯಲಿಲ್ಲ. "ಪ್ಲಗ್ ಬಿಚ್ಚು" ಅಂದರು. ಅವರಿಗೀಗ ಕೈ ಅದುರುತ್ತೆ, ಸ್ಪ್ಯಾನರ್ ನಿಲ್ಲುವುದಿಲ್ಲ. ಮಗನ ಅಂಗೈಗೆ ಬ್ಯಾಂಡೇಜು. ಹಾಗಾಗಿ ಸ್ಪ್ಯಾನರ್ ನನ್ನ ಕೈಗೇ ಬಂತು. ಬಿಚ್ಚಿದರೆ ಪ್ಲಗ್ಗಿನ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

"ಇದು ಕಾಫಿಪುಡಿ ಬಣ್ಣಕ್ಕಿರಬೇಕು. ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ" ಅಂದರು.

"ಕಮ್ಮಿ ಪೆಟ್ರೋಲ್ ಉರಿದರೆ ಕಮ್ಮಿ ಬಿಸಿ ಆಗಬೇಕಲ್ಲವಾ ಅಪ್ಪಾ?" ನನ್ನ ಒಲೆಯ ಲೆಕ್ಕ ಅದು.

ತಂದೆ ನಕ್ಕರು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕಂತೆ. ಒಳಗೆ ಹೋಗುವ ಪೆಟ್ರೋಲು ಆವಿಯಾಗುತ್ತ ಇಂಜಿನನ್ನು ತಂಪೂ ಮಾಡುತ್ತದೆ. ಅದು ಕಮ್ಮಿಯಾಗಿ ಗಾಳಿ ಹೆಚ್ಚಾದರೆ ತಂಪು ಕಮ್ಮಿ, ಉರಿಯೂ ನಿಧಾನ, ಕಾವು ಲೋಹಕ್ಕೆ ಏರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಈ ಟು-ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ನಮ್ಮ ಮನೆಯಲ್ಲಿ ಲೀಟರಿಗೆ 40 ಮಿಲಿ ಬೆರೆಸುತ್ತೇವೆ. "ಪೆಟ್ರೋಲ್ ಕಟ್ ಮಾಡಿದರೆ ಆಯಿಲ್ಲೂ ಕಟ್ ಆಯ್ತು. ಎಣ್ಣೆ ಸಾಲದಿದ್ದರೆ ದೋಸೆ ಕಾವಲಿಗೆ ಹಿಡಿಯಲ್ವಾ? ಪಿಸ್ಟನ್ ಹಾಗೇ ಹಿಡೀತು."

ಅವರ ಹಳೆಯ ಸಹೋದ್ಯೋಗಿಯೊಬ್ಬರು ಬಂದು ಸಿಲಿಂಡರ್ ಬಿಚ್ಚಿದರು. ಪಿಸ್ಟನ್ ಮೇಲೆ ಗೀರು ಬಿದ್ದಿತ್ತು, ಪುಣ್ಯಕ್ಕೆ ಆಳವಾಗಿರಲಿಲ್ಲ. ಗೀರು ಉಜ್ಜಿ, ಹೊಸ ರಿಂಗ್ ಹಾಕಿ ಜೋಡಿಸಿಕೊಟ್ಟರು. ಕಾರ್ಬ್ಯುರೇಟರ್ ಕೆಲಸ ಮಾತ್ರ ತಂದೆ ನನ್ನಿಂದಲೇ ಮಾಡಿಸಿದರು.

ಒಳಗೆ ಜೆಟ್ ಅಂತ ಸಣ್ಣ ತೂತಿನ ಹಿತ್ತಾಳೆ ತಿರುಪು ಇರುತ್ತದೆ, ಪೆಟ್ರೋಲು ಬರುವುದು ಅದರ ಮೂಲಕ. ಮೈಲೇಜಿನ ಆಸೆಗೆ ಅಲ್ಲಿ ಚಿಕ್ಕ ನಂಬರಿನದು ಕೂತಿತ್ತು. ತೆಗೆದು ಮೊದಲಿನ ನಂಬರಿನದೇ ಹಾಕಿದೆ. ಸೂಜಿಯ ಕ್ಲಿಪ್ಪನ್ನು ತೀರಾ ಮೇಲಿನ ಗೀರಿಗೆ ಸಿಕ್ಕಿಸಿದ್ದರಿಂದ ಸೂಜಿ ಕೆಳಗಿಳಿದು ಪೆಟ್ರೋಲಿನ ದಾರಿ ಕಟ್ಟಿತ್ತು; ಅದನ್ನು ನಡುವಿನ ಗೀರಿಗೆ ತಂದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ತೂತು ಕಟ್ಟಿದರೂ ಪೆಟ್ರೋಲು ಸರಿಯಾಗಿ ಇಳಿಯುವುದಿಲ್ಲವಂತೆ. ಅದನ್ನೂ ಊದಿ ನೋಡಿದ್ದಾಯಿತು.

ಗಾಡಿ ಸ್ಟಾರ್ಟ್ ಮಾಡಿದ ಮೇಲೆ, "ಕಾರ್ಬ್ಯುರೇಟರ್ ಕೂತ ಸಂದಿಗೆ ಎರಡು ಹನಿ ಆಯಿಲ್ ಬಿಡು" ಅಂದರು. ಬಿಟ್ಟ ಕೂಡಲೆ ಸದ್ದು ಬದಲಾಯಿತು. ಅಲ್ಲಿನ ಗ್ಯಾಸ್ಕೆಟ್ ಒಣಗಿ ಬಿರಿದಿತ್ತು, ಕಳ್ಳಗಾಳಿ ನುಗ್ಗುತ್ತಿತ್ತು. ಹೊಸದು ಹಾಕಿದೆವು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಗಾಡಿಗಳಿಗೆ ಅದೇ ಜೆಟ್ಟಿನಲ್ಲೂ ಮಿಶ್ರಣ ತುಸು ತೆಳ್ಳಗಾಗುತ್ತದೆ. ಅದರ ಮೇಲೆ ನನ್ನ ಉಳಿತಾಯ ಬೇರೆ!

ಮಗನ ಕೈ ವಾಸಿಯಾದ ಮೇಲೆ ನಿಧಾನವಾಗಿ ಒಂದು ಸುತ್ತು ಹೋಗಿ ಬಂದ. ಪ್ಲಗ್ ಬಿಚ್ಚಿದೆ. ಒಳ್ಳೇ ಕಾಫಿಪುಡಿ ಬಣ್ಣ. ತಂದೆ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಕಾರ್ಖಾನೆ ಮುಚ್ಚಿದ ಮೇಲೆ ಆ ಕೆಲಸದ ಮಾತನ್ನು ನಮ್ಮೆದುರು ಇಷ್ಟು ಆಡಿದ್ದು ಇದೇ ಮೊದಲು.

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಹಳೇ ಗಾಡಿ ಇದ್ದರೆ ಮೈಲೇಜ್ ಹೆಚ್ಚಿಸಿಕೊಡಿ ಅಂತ ಕೇಳಬೇಡಿ. ಮಕ್ಕಳು ಗಾಡಿ ಕಾಯುತ್ತೆ ಅಂದರೆ ಬಿಸಿಲಿನ ಮೇಲೆ ಹಾಕದೆ ಪ್ಲಗ್ ಬಿಚ್ಚಿಸಿ ನೋಡಿ.

ಈಗ ಪೆಟ್ರೋಲಿನ ಬಾಬ್ತು ಮತ್ತೆ ಏರಿದೆ. ಬರೆದುಕೊಳ್ಳುತ್ತೇನೆ, ಗೊಣಗುವುದಿಲ್ಲ. ಭಾನುವಾರ ಮಗ ಬೆಟ್ಟಕ್ಕೆ ಹೊರಟರೆ ತಂದೆ ಜಗುಲಿಯಲ್ಲಿ ಕೂತು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಸದ್ದು ಕೇಳುತ್ತಾರೆ. "ಸರಿಯಾಗಿದೆ" ಅಂದು ಪೇಪರ್ ಎತ್ತಿಕೊಂಡ ಮೇಲೆ ನಾನು ಒಳಗೆ ಹೋಗಿ ಒಲೆ ಹಚ್ಚುತ್ತೇನೆ.