ಹಿತ್ತಿಲಾಚೆಯ ದಾರಿ

ಬೆಳಗಾವಿಯಿಂದ ಖಾನಾಪುರಕ್ಕೆ ಬೇಕಾದಷ್ಟು ಬಸ್ಸುಗಳಿವೆ. ಆದರೂ ನನಗೆ ರೈಲೇ ಇಷ್ಟ. ದೇಸೂರು, ಇದಲಹೊಂಡ ದಾಟಿದರೆ ಖಾನಾಪುರ. ಮಲಪ್ರಭೆಯ ದಂಡೆಯ, ಹೆಂಚು-ಮಡಕೆಗಳ ಊರು.

ಅಲ್ಲಿ ನನ್ನ ಖಾಲಾ ಮನೆಯ ಹಿತ್ತಿಲು ಮುಗಿದಲ್ಲಿಗೆ ರೈಲ್ವೆ ಜಾಗ ಶುರುವಾಗುತ್ತದೆ. ಖಾಲಾರಿಗೆ ಸಕ್ಕರೆ ಕಾಯಿಲೆ. ದಿನಾಲೂ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಎಲ್ಲಿ ನಡೆಯುವುದು? ರಸ್ತೆಯಲ್ಲಿ ಲಾರಿಗಳ ಭಯ. ಹಳಿಗುಂಟ ನಡೆಯುವುದು ಅಪಾಯ, ಅಪರಾಧವೂ ಹೌದು. 2023ರ ಜುಲೈಯಲ್ಲಿ ದೂಧ್‌ಸಾಗರ ಜಲಪಾತಕ್ಕೆ ಹಳಿಯ ಮೇಲೆ ಹೊರಟವರಿಗೆ ರೈಲ್ವೆ ಇಲಾಖೆ ಇದೇ ಎಚ್ಚರಿಕೆ ಕೊಟ್ಟಿತ್ತು.

ರೈಲು ನಿಂತುಹೋದ ದಾರಿಯ ಕಥೆಯೇ ಬೇರೆ. ಹಳಿ ಬದಲಾವಣೆಗೆಂದು 1996ರಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ಮಾರ್ಗ ಮುಚ್ಚಿದಾಗ ಅದರ ಸುರಂಗ, ಸೇತುವೆಗಳೆಲ್ಲ ಚಾರಣಿಗರ ಪಾಲಾದವು. 2006ರಲ್ಲಿ ಗೂಡ್ಸ್ ರೈಲು, ಮರುವರ್ಷ ಪ್ರಯಾಣಿಕರ ರೈಲು ಮರಳಿದವು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್-ಸ್ಪಾರ್ಟಾ ನಡುವಿನ ಸುಮಾರು 50 ಕಿಲೋಮೀಟರ್ ಹಳೆಯ ರೈಲುದಾರಿ 1960ರ ದಶಕದಲ್ಲೇ ಸೈಕಲ್ ದಾರಿಯಾಯಿತು. ಮುಂದೆ ರೈಲಿಗೆ ಬೇಕಾದರೆ ಬಿಟ್ಟುಕೊಡಬೇಕೆಂಬ ಷರತ್ತಿನ ಮೇಲೆ ಇಂಥ ದಾರಿಗಳನ್ನು ಕಾಯ್ದಿಡಲು ಅಲ್ಲಿ 1983ರಲ್ಲಿ ಕಾನೂನೂ ಬಂತು.

ಚಹಾ ಕುಡಿಯುತ್ತ ಇದನ್ನೆಲ್ಲ ಹೇಳಿದೆ. ಖಾಲಾ ಹಿತ್ತಿಲ ಕಡೆ ಕೈ ತೋರಿಸಿದರು.

"ದಾರಿ ಆಗಲಿ ಬೇಟಾ. ಆದ್ರೆ ಸೊಸೆಯಂದಿರು ಇಲ್ಲಿ ಬಟ್ಟೆ ಒಣಗಿಸ್ತಾರೆ. ಹೋಗೋರು ಬರೋರು ಇಣುಕಿದ್ರೆ?"

ನಾನು ಸುಮ್ಮನಾದೆ. ಈ ಪ್ರಶ್ನೆ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ವಯೋಮಿಂಗ್ ರಾಜ್ಯದ ಕುಟುಂಬವೊಂದರ ಜಮೀನಿನ ನಡುವೆ ರೈಲು ನಿಂತಿತ್ತು. ಸರಕಾರ ಅದನ್ನು ಸಾರ್ವಜನಿಕ ದಾರಿ ಮಾಡಹೊರಟಿತು. ರೈಲಿಗೆ ಕೊಟ್ಟದ್ದು ಹಾದುಹೋಗುವ ಹಕ್ಕು ಮಾತ್ರ, ರೈಲು ಹೋದ ಮೇಲೆ ನೆಲ ಜಮೀನಿನವರದೇ ಎಂದು 2014ರಲ್ಲಿ ತೀರ್ಪಾಯಿತು. ನಮ್ಮಲ್ಲಿ ಹಳಿಯ ನೆಲ ಸಾಮಾನ್ಯವಾಗಿ ರೈಲ್ವೆಯದೇ ಸ್ವತ್ತು. ಹಾಗಾಗಿ ಅಕ್ಕಪಕ್ಕದವರ ಬಳಿ ಕಾಗದದ ಹಕ್ಕಿಲ್ಲದಿರಬಹುದು. ಆದರೆ ಮನೆಯ ಮರೆ ಕಾಗದ ನೋಡಿ ಬರುವುದಿಲ್ಲವಲ್ಲ! ನಕ್ಷೆ ಬರೆಯುವ ಮೊದಲೇ ಹಿತ್ತಿಲಿನವರನ್ನು, ಅದರಲ್ಲೂ ಹೆಂಗಸರನ್ನು, ಕೇಳಬೇಕು.

"ಹಾಗಾದ್ರೆ ದಾರಿ ಬೇಡ್ವಾ ಖಾಲಾ?"

"ಬೇಡ ಅಂದೆನಾ? ಬೇಲಿ ನನ್ನ ತಲೆಗಿಂತ ಎತ್ತರ ಇರಲಿ. ಬಾಗಿಲ ಚಿಲಕ ನಮ್ಮ ಕಡೆಗಿರಲಿ. ಆಮೇಲೆ ನೋಡು, ಮೊದಲು ನಡೆಯೋಳು ನಾನೇ."

ಮರುದಿನ ಬೆಳಿಗ್ಗೆ ಇಬ್ಬರೂ ಅಂಗಳದಲ್ಲೇ ಇಪ್ಪತ್ತು ಸುತ್ತು ನಡೆದೆವು. ಬೇಲಿಯಾಚೆ ಲೋಂಡಾ ಕಡೆಯ ರೈಲು ಕೂಗುತ್ತ ಹೋಯಿತು.