ಅಂಗುಲದುದ್ದದ ಗುರು

ಕಪ್ಪೆಯ ಜೀವನಚಕ್ರದ ಪಾಠವನ್ನು ಹೇಳದ ಉಪಾಧ್ಯಾಯರು ನಮ್ಮಲ್ಲಿ ಯಾರಿರುವರು? ಮೊಟ್ಟೆ, ಗೊದಮೊಟ್ಟೆ, ಕಪ್ಪೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ನಾನೂ ಹಲವು ವರ್ಷ ಕಲಿಸಿದವನೇ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಬಾಲಕನೊಬ್ಬನು, “ನಮ್ಮ ಅಜ್ಜಿಯ ಊರಿನ ಕಪ್ಪೆಗೆ ಗೊದಮೊಟ್ಟೆ ಇಲ್ಲ, ಮೊಟ್ಟೆಯೊಳಗಿಂದ ಮರಿಯೇ ಬರುತ್ತದೆ” ಎಂದು ಬರೆದಿದ್ದನು. ಅದನ್ನು ಕೆಂಪು ಶಾಯಿಯಿಂದ ಹೊಡೆದು ಸೊನ್ನೆ ಕೊಟ್ಟೆನು. ತರಗತಿಯಲ್ಲಿ ಓದಿಯೂ ಹೇಳಿದೆನು. ಮಕ್ಕಳು ನಕ್ಕರು. ಅಂದಿನಿಂದ ಆ ಹುಡುಗನು ಪ್ರಶ್ನೆ ಕೇಳುವುದನ್ನೇ ಬಿಟ್ಟನು.

ಅವನ ಅಜ್ಜಿಯ ಊರು ನೀಲಗಿರಿಯಲ್ಲಿ, ಉದಕಮಂಡಲದ ಸಮೀಪ. ಮುಂದಿನ ಮಳೆಗಾಲದಲ್ಲಿ ಬಂಧುಗಳ ಮನೆಗೆಂದು ನಾನೂ ಆ ಕಡೆಗೆ ಹೋಗಬೇಕಾಯಿತು. ಒಂದು ರಾತ್ರಿ ಪ್ರಾಣಿಶಾಸ್ತ್ರ ಬಲ್ಲ ಮಿತ್ರರೊಬ್ಬರು ಪೊದೆಯೊಂದರ ಮೇಲೆ ಟಾರ್ಚಿನ ಬೆಳಕು ಬಿಟ್ಟು, “ನೋಡಿ” ಎಂದರು. ಒದ್ದೆ ಎಲೆಯ ಮೇಲೆ ಒಂದು ಅಂಗುಲದಷ್ಟೇ ಇದ್ದ ಕಂದು ಕಪ್ಪೆ! ಬೆರಳ ತುದಿಗಳಲ್ಲಿ ಎಲೆಗೆ ಅಂಟಿ ನಿಲ್ಲುವ ಪುಟ್ಟ ಬಿಲ್ಲೆಗಳು. ಕೂಗುವಾಗ ಸೋಪಿನ ಗುಳ್ಳೆಯಂತೆ ಉಬ್ಬುವ, ಬೆಳಕು ತೂರಿಬರುವ ಗಂಟಲ ಚೀಲ. ಕಣ್ಣಿನ ಪಾಪೆಯ ಸುತ್ತ ತಾರೆಯ ಕಿರಣಗಳಂತಹ ಗೆರೆಗಳು. ನೀಲಗಿರಿಯ ಎತ್ತರದಲ್ಲಿ ವಾಸಿಸುವ ಈ ಪೊದೆಗಪ್ಪೆಯನ್ನು 1882ರಲ್ಲಿ ಬೂಲಂಜೆ ಎಂಬ ವಿಜ್ಞಾನಿ ಮೊದಲು ವರ್ಣಿಸಿದರು. ಅದೇ ವರ್ಷ ಹುಟ್ಟಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು. ಕಪ್ಪೆಗಳ ಅಧ್ಯಯನದಲ್ಲಿ ಹೆಸರಾದ ಅವರ ಸ್ಮರಣೆಗಾಗಿ 2010ರಲ್ಲಿ ಈ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು.

“ಈ ಕುಲದ ಕಪ್ಪೆಗಳು ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ” ಎಂದು ಮಿತ್ರರು ವಿವರಿಸಿದರು. ತೇವವಿರುವ ಎಡೆಯಲ್ಲಿ ಇಟ್ಟ ಮೊಟ್ಟೆಯೊಳಗೇ ಬೆಳವಣಿಗೆಯೆಲ್ಲ ಮುಗಿದು, ಕೈಕಾಲು ಮೂಡಿದ ಮರಿಯೇ ಹೊರಬರುವುದಂತೆ. ಕೊಳ ಬೇಡ, ತೇವ ಮಾತ್ರ ಬೇಕು. ಅದು ಆರಿದರೆ ಮೊಟ್ಟೆಯೂ ಆರಿತು. ನನ್ನ ಕೆಂಪು ಶಾಯಿ ನೆನಪಾಗಿ ತಲೆ ತಗ್ಗಿಸಿದೆನು.

ಊರಿಗೆ ಮರಳಿದ ಮೇಲೆ ಆ ಹುಡುಗನನ್ನು ತರಗತಿಯ ಮುಂದೆ ಕರೆದು, “ನಿನ್ನ ಉತ್ತರವೇ ಸರಿ, ತಪ್ಪು ನನ್ನದು” ಎಂದೆನು. ಅವನು ಬಹಳ ಹೊತ್ತು ಸುಮ್ಮನೆ ನಿಂತಿದ್ದು, “ಮೊಟ್ಟೆಯೊಳಗೆ ಮರಿ ಅಲ್ಲಾಡೋದು ನೋಡಿದ್ರಾ ಮೇಷ್ಟ್ರೇ?” ಎಂದು ಕೇಳಿದನು.

“ಇಲ್ಲಪ್ಪ, ಕಪ್ಪೆಯನ್ನಷ್ಟೇ ನೋಡಿದೆ.”

“ಮುಂದಿನ ಮಳೆಗೆ ಬನ್ನಿ, ನಾನು ತೋರಿಸ್ತೀನಿ.”

ತಿಂಗಳುಗಳ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಅದು.