ಅಜ್ಜನ ಬೂತಾಯಿ

ಮಂಗಳೂರಿನ ಕಡಲ ಬದಿಯಲ್ಲಿ ಬೆಳೆದ ನಮಗೆ ಅಜ್ಜ ಹೇಳುತ್ತಿದ್ದರು: ‘ರಂಪಣಿ ಎಳೆದ ದಿನ ತಿಂದು ಮಿಕ್ಕ ಬೂತಾಯಿಯನ್ನು ತೆಂಗಿನ ಬುಡಕ್ಕೆ ಸುರಿಯುತ್ತಿದ್ದೆವು.’ ಮುದುಕರ ಬಡಾಯಿಯೆಂದು ನಾವು ನಕ್ಕಿದ್ದೆವು.

ಆ ನಗು ತಪ್ಪೆಂದು ನಮಗೆ ಕಲಿಸಿದವರು ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪೌಲಿ. 1946ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅವರ ಬಾಲ್ಯ ಸ್ವಿಟ್ಜರ್ಲೆಂಡಿನಲ್ಲಿ ಪರರ ಮನೆಯ ಚಾಕರಿಯಲ್ಲಿ ಕಳೆಯಿತು. ಜರ್ಮನಿಯ ಕೀಲ್ ವಿಶ್ವವಿದ್ಯಾಲಯದಲ್ಲಿ ಓದಿದರು. ಫಿಲಿಪ್ಪೀನ್ಸ್‌ನಲ್ಲಿ ದುಡಿಯುವಾಗ, ಮೀನಿನ ಉದ್ದ ಅಳೆದೇ ಅದರ ಬೆಳವಣಿಗೆ ಲೆಕ್ಕ ಹಾಕುವ, ಬಡ ದೇಶಗಳಿಗೂ ಎಟಕುವ ವಿಧಾನ ರೂಪಿಸಿದರು. 1994ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಮರುವರ್ಷ ಒಂದೇ ಪುಟದ ಲೇಖನ ಬರೆದರು. ಪ್ರತಿ ತಲೆಮಾರಿನ ವಿಜ್ಞಾನಿಗಳು ತಾವು ಕೆಲಸಕ್ಕೆ ಸೇರಿದಾಗ ಕಂಡ ಕಡಲನ್ನೇ ತುಂಬಿದ ಕಡಲೆಂದು ಭಾವಿಸುತ್ತಾರೆ. ಅದಕ್ಕೂ ಮೊದಲು ಕಳೆದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ ಎಂದರು. ಅದರಲ್ಲಿ ಸಹೋದ್ಯೋಗಿಯೊಬ್ಬರ ಅಜ್ಜನ ಮಾತೂ ಇತ್ತು: 1920ರ ದಶಕದಲ್ಲಿ ಡೆನ್ಮಾರ್ಕ್ ಬಳಿಯ ಕಡಲಲ್ಲಿ, ಬಂಗುಡೆ ಜಾತಿಯ ಮೀನಿಗೆ ಹಾಕಿದ ಬಲೆಗೆ ಟ್ಯೂನಾ ಮೀನುಗಳು ಸಿಕ್ಕಿಕೊಂಡು ಕಾಟ ಕೊಡುತ್ತಿದ್ದವಂತೆ. ಕೊಳ್ಳುವವರೇ ಇರಲಿಲ್ಲವಂತೆ!

ಅಲ್ಲಿ ಅಜ್ಜನ ಮಾತು ವಿಜ್ಞಾನದ ಪುಟ ಸೇರಿತು. ನಮ್ಮ ಅಜ್ಜ ಈಗಿಲ್ಲ. ಎಷ್ಟು ಬುಟ್ಟಿ, ಯಾವ ತಿಂಗಳು ಎಂದು ನಾವು ಒಮ್ಮೆಯೂ ಕೇಳಿ ಬರೆದಿಡಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇಂದೇ ಕೇಳಿ.